ಕ್ಷಯವನ್ನು ಪತ್ತೆ ಹಚ್ಚುವುದು ಹೇಗೆ?

ಎರಡು ವಾರ ದಾಟಿದ ಕೆಮ್ಮು, ಸಂಜೆಯಾದರೆ ಜ್ವರ, ದಿನೇ ದಿನೇ ಇಳಿಯುವ ತೂಕ. ಇಷ್ಟನ್ನು ಕೇಳಿದೊಡನೆ ವೈದ್ಯರಿಗೆ ಕ್ಷಯದ ಅನುಮಾನ ಬರಬೇಕು. ಆದರೆ ಶ್ವಾಸಕೋಶದ ಕ್ಯಾನ್ಸರಿನಲ್ಲೂ ಇದೇ ಲಕ್ಷಣಗಳು ಕಾಣಿಸಬಹುದು. ಅನುಮಾನಕ್ಕೆ ಪುರಾವೆ ಹುಡುಕುವ ಕೆಲಸವೇ ರೋಗನಿರ್ಣಯ.

ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಲೋಕಕ್ಕೆ ತಿಳಿಸಿದರು. ಅದರ ಮೈಮೇಲೆ ಮೇಣದಂಥ ಹೊದಿಕೆಯಿದೆ. ಕಫವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಆಮ್ಲದಿಂದ ತೊಳೆದರೆ ಉಳಿದವೆಲ್ಲ ಬಣ್ಣ ಬಿಡುತ್ತವೆ. ಈ ಬ್ಯಾಕ್ಟೀರಿಯಾ ಮಾತ್ರ ಬಿಡುವುದಿಲ್ಲ. ಮೇಲೆ ನೀಲಿ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು ಕಾಣುತ್ತವೆ.

ಈ ವಿಧಾನ ಅಗ್ಗ, ಸರಳ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 10,000 ಬ್ಯಾಕ್ಟೀರಿಯಾಗಳಾದರೂ ಇಲ್ಲದಿದ್ದರೆ ಅವು ಕಣ್ಣಿಗೆ ಬೀಳುವುದು ಕಷ್ಟ. ಹಾಗಾಗಿ ವರದಿ ನೆಗೆಟಿವ್ ಬಂದ ಮಾತ್ರಕ್ಕೆ ರೋಗವಿಲ್ಲ ಎನ್ನಲಾಗದು. ಕಫವನ್ನು ಕಲ್ಚರ್‌ಗೆ ಹಾಕಿದರೆ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರೆ, ಹೆಚ್ಚು ನಿಖರ ಉತ್ತರ ಸಿಗುತ್ತದೆ. ಆದರೆ ಈ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನ, ವಾರಗಟ್ಟಲೆ ಕಾಯಬೇಕು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಸಿಬಿನ್ಯಾಟ್ ಯಂತ್ರ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಗುರುತಿಸುತ್ತದೆ. ಮುಖ್ಯ ಔಷಧಿಯಾದ ರಿಫಾಂಪಿಸಿನ್ ನಾಟುತ್ತದೆಯೇ ಎಂಬುದನ್ನೂ ಸುಮಾರು ಎರಡು ಗಂಟೆಗಳಲ್ಲಿ ಹೇಳುತ್ತದೆ.

ಎಲ್ಲ ಪರೀಕ್ಷೆಗಳೂ ನಂಬಿಕೆಗೆ ಅರ್ಹವಲ್ಲ. ಕ್ಷಯಕ್ಕೆಂದು ರಕ್ತದಲ್ಲಿ ಪ್ರತಿಕಾಯ ಹುಡುಕುವ ಕಿಟ್‌ಗಳು ಒಂದು ಕಾಲದಲ್ಲಿ ನಮ್ಮಲ್ಲಿ ಧಾರಾಳವಾಗಿ ಮಾರಾಟವಾದವು. ಅವು ರೋಗವಿಲ್ಲದವರಿಗೆ ಇದೆಯೆಂದೂ, ಇದ್ದವರಿಗೆ ಇಲ್ಲವೆಂದೂ ಹೇಳುತ್ತಿದ್ದವು. 2012ರಲ್ಲಿ ಭಾರತ ಸರ್ಕಾರ ಅವನ್ನು ನಿಷೇಧಿಸಿತು. ಕೆಟ್ಟ ಪರೀಕ್ಷೆಯಿಂದ ಆರೋಗ್ಯವಂತರು ತಿಂಗಳುಗಟ್ಟಲೆ ಬೇಡದ ಮಾತ್ರೆ ನುಂಗಬೇಕಾಗುತ್ತದೆ. ರೋಗಿಗಳು ಚಿಕಿತ್ಸೆಯಿಲ್ಲದೆ ಉಳಿಯುತ್ತಾರೆ.

ಯಂತ್ರ ಎಷ್ಟೇ ಚುರುಕಾದರೂ ಅದಕ್ಕೆ ಕಫ ತಲುಪಬೇಕಲ್ಲ? ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ರೋಗಿಗಳು ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಆದರೆ ಅವರಲ್ಲಿ ಹೆಚ್ಚಿನವರು ಕೆಮ್ಮಿನ ಔಷಧಿ ಹಿಡಿದು ವಾಪಸಾಗಿದ್ದರು. ಅಲ್ಲಿ ಸೋತದ್ದು ಕೇಳಿಸಿಕೊಳ್ಳುವ ತಾಳ್ಮೆ.

ಎರಡು ವಾರ ಮೀರಿದ ಕೆಮ್ಮಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಫ ಪರೀಕ್ಷೆ ಉಚಿತ. ಬೆಳಿಗ್ಗೆ ಎದ್ದಾಗ ಎದೆಯಾಳದಿಂದ ಕೆಮ್ಮಿ ತೆಗೆದ ಕಫವನ್ನೇ ಕೊಡಿ. ಬಾಯಿಯ ಜೊಲ್ಲು ಕೊಟ್ಟರೆ ಪ್ರಯೋಜನವಿಲ್ಲ.