ಉಪ್ಪು ತೊಳೆದ ಮೇಲೆ

ಏಪ್ರಿಲ್ ಅರ್ಧ ಕಳೆದರೂ ಆ ಗ್ಯಾರೇಜಿನ ಬಾಗಿಲು ತೆರೆದಿರಲಿಲ್ಲ. ಡೆಟ್ರಾಯಿಟ್‌ಗೆ ಉತ್ತರದ ರಾಯಲ್ ಓಕ್‌ನಲ್ಲಿ ಮಗನ ಮನೆಗೆ ಹೋಗಿದ್ದಾಗಿನ ಮಾತು. ಹಿಮ ಕರಗಿತ್ತು, ಬಿಸಿಲೂ ಬಿದ್ದಿತ್ತು. ‘ಇನ್ನೂ ಎರಡು ಜೋರು ಮಳೆ ಆಗಲಿ’ ಎನ್ನುತ್ತಿದ್ದರು ಪಕ್ಕದ ಮನೆಯ ಯಜಮಾನರು. ಚಳಿಗಾಲವಿಡೀ ಮಿಶಿಗನ್ನಿನ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಅದು ತೊಳೆದು ಹೋಗುವ ತನಕ ಅವರ 1966ರ ಪಾಂಟಿಯಾಕ್ ಜಿಟಿಒ ಹೊಸಿಲು ದಾಟುವಂತಿಲ್ಲ. ಹಳೆಯ ತಗಡನ್ನು ಉಪ್ಪುನೀರು ಒಳಗಿನಿಂದಲೇ ತಿಂದುಕೊಂಡು ಬರುತ್ತದೆ; ಬಣ್ಣದಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಕೆಳಗೆ ತಗಡೇ ಇರುವುದಿಲ್ಲ.

ಮಳೆಯಾದ ಮೇಲೊಂದು ಭಾನುವಾರ ಕರೆದರು.

ಹೊದಿಕೆ ಸರಿಸಿದರೆ ಉದ್ದನೆಯ ಮೂತಿ, ಒಂದರ ಮೇಲೊಂದು ಕೂತ ಜೋಡಿ ದೀಪ, ಬಾಗಿಲ ಹಿಂದೆ ಉಬ್ಬಿದ ತೊಡೆ. ಇದರ ಅಡ್ಡಹೆಸರು ‘ಗೋಟ್’, ಮೇಕೆ. ನನಗೇನೋ ಕೊಟ್ಟಿಗೆಯಲ್ಲಿ ಕಟ್ಟಿದ ಹೋರಿಯೇ ಕಂಡಿತು.

ಮೇಕೆಯ ಹುಟ್ಟಿನಲ್ಲೇ ಒಂದು ಕಳ್ಳಾಟವಿದೆ. ನಡುಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಪಾಂಟಿಯಾಕ್‌ನ ಒಡೆಯ ಜನರಲ್ ಮೋಟರ್ಸ್ ಕಟ್ಟಳೆ ಮಾಡಿತ್ತು. ಪಾಂಟಿಯಾಕ್‌ನ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು 389 ಘನ ಅಂಗುಲದ, ಅಂದರೆ 6.4 ಲೀಟರಿನ ವಿ8 ಎಂಜಿನ್ನನ್ನು 1964ರಲ್ಲಿ ಲೆಮಾನ್ಸ್ ಕಾರಿನ ‘ಹೆಚ್ಚುವರಿ ಸಲಕರಣೆ’ ಎಂದು ಕಾಗದದಲ್ಲಿ ತೋರಿಸಿ ದಾಟಿಸಿದರು. ಹೆಸರನ್ನು ಫೆರಾರಿಯಿಂದ ಎತ್ತಿಕೊಂಡರು. ಆ ಜಾಣತನ ಈಗ ಕೊಳ್ಳುವವರಿಗೆ ತಲೆನೋವು: 1964, 1965ರ ಗಾಡಿಗಳ ಚಾಸಿ ನಂಬರ್ ನೋಡಿ ಅಸಲಿ ಯಾವುದು, ಬರೀ ಬ್ಯಾಡ್ಜ್ ಅಂಟಿಸಿದ್ದು ಯಾವುದು ಹೇಳಲಾಗದು. 1966ರಲ್ಲಿ ಜಿಟಿಒ ಬೇರೆ ಮಾದರಿಯೇ ಆಯಿತು. ಅದರ ನಂಬರ್ 242ರಿಂದ ಶುರುವಾಗುತ್ತದೆ. ಯಜಮಾನರು ಮೊದಲು ತೋರಿಸಿದ್ದೇ ಆ ಮೂರು ಅಂಕಿ.

ಬಾನೆಟ್ ಎತ್ತಿ, ಆರಿಹೋಗಿದ್ದ ಕಾರ್ಬೊರೇಟರಿಗೆ ಒಂದಿಷ್ಟು ಪೆಟ್ರೋಲು ಹನಿಸಿದರು. ರಬ್ಬರ್ ಪೈಪುಗಳನ್ನು ಚಿವುಟಿ ನೋಡಿದರು. ಈಗಿನ ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರಿಗೆ ಆಗಿಬರುವುದಿಲ್ಲ. ಆಯಿಲ್ ಕೂಡ ಸಿಕ್ಕಿದ್ದು ಸಾಲದು, ಸತು ಹೆಚ್ಚಿರುವುದೇ ಆಗಬೇಕು. ಇಲ್ಲದಿದ್ದರೆ ಕ್ಯಾಮ್‌ಶಾಫ್ಟ್ ಸವೆಯುತ್ತದೆ. ಆಕ್ಸಿಲರೇಟರ್ ಎರಡು ಸಲ ಒತ್ತಿ ಕೀ ತಿರುವಿದರು. ಮೂರನೆಯ ಸಲಕ್ಕೆ ಹಿಡಿಯಿತು. ಹಲಗೆಯ ಮೇಲಿನ ಡಬ್ಬಿಯಲ್ಲಿ ನಟ್ಟುಗಳು ಗಲಗಲ ಎಂದವು. ನನ್ನ ಅಂಗಾಲು ಜುಮ್ಮೆಂದಿತು.

ಆದರೆ ಎಲ್ಲೋ ತಡವರಿಸುತ್ತಿತ್ತು. ‘ಪಾಯಿಂಟ್’ ಎಂದರು. ಬಜಾಜ್ ಸ್ಕೂಟರ್ ಓಡಿಸಿದ ನಮ್ಮ ತಲೆಮಾರಿಗೆ, ಕಿಡಿಗಾಗಿ ಕರೆಂಟು ಕಡಿದು ಕೂಡಿಸುವ ಸಿ.ಬಿ. ಪಾಯಿಂಟ್ ಏನೆಂದು ಹೇಳಿಕೊಡಬೇಕೆ? ಆಫೀಸಿಗೆ ಹೊತ್ತಾಗುತ್ತಿದ್ದರೂ ಎಮರಿ ಪೇಪರ್ ಹಿಡಿದು ಕುಕ್ಕರುಗಾಲಲ್ಲಿ ಕೂತವರು ನಾವು. ನಾವು ಎಂಜಿನ್ ನಿಲ್ಲಿಸಿ ಮಾಡುತ್ತಿದ್ದುದನ್ನು ಇವರು ಓಡುತ್ತಿರುವಾಗಲೇ ಮಾಡಿದರು. ಡಿಸ್ಟ್ರಿಬ್ಯೂಟರ್ ಮುಚ್ಚಳದಲ್ಲೊಂದು ಪುಟ್ಟ ಕಿಟಕಿ, ಅದಕ್ಕೆ ಜಾರುವ ತಗಡು. ಮಡ್‌ಗಾರ್ಡಿನ ಮೇಲೆ ಹೊಟ್ಟೆಯಿಟ್ಟು ಬಾಗಿ, ತಗಡು ಸರಿಸಿ ಅಲೆನ್ ಕೀ ತೂರಿಸಿದರು. ಕಣ್ಣು ಮುಚ್ಚಿಕೊಂಡರು. ಕೂದಲೆಳೆಯಷ್ಟು ಬಲಕ್ಕೆ. ಇನ್ನಷ್ಟು. ಎಂಜಿನ್ ಮುಗ್ಗರಿಸಿತು. ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ. ಎಂಟೂ ಸಿಲಿಂಡರು ಒಂದೇ ಲಯಕ್ಕೆ ಬಂದವು. ಆಮೇಲೆ ಮೀಟರ್ ಹಚ್ಚಿ ನೋಡಿದರು: ಪಾಯಿಂಟ್ ಕೂಡಿರುವ ಕೋನ 30 ಡಿಗ್ರಿ, ಇರಬೇಕಾದ್ದೇ. ಆಗ ನನ್ನತ್ತ ತಿರುಗಿದ ನೋಟದಲ್ಲಿ ಕೊಂಚ ಜಂಭವಿತ್ತು. ಇರಲಿ, ಸಲ್ಲುತ್ತದೆ.

ವುಡ್‌ವರ್ಡ್ ಅವೆನ್ಯೂಗೆ ಇಳಿದೆವು. ಅರವತ್ತರ ದಶಕದಲ್ಲಿ ಹುಡುಗರು ಸಿಗ್ನಲ್‌ನಿಂದ ಸಿಗ್ನಲ್‌ಗೆ ಪಂದ್ಯ ಕಟ್ಟಿ ಓಡಿಸಿದ ರಸ್ತೆ. 1995ರಿಂದ ಆಗಸ್ಟಿನಲ್ಲಿ ಇಲ್ಲೇ ಡ್ರೀಮ್ ಕ್ರೂಸ್ ಎಂಬ ಹಳೆ ಕಾರುಗಳ ಜಾತ್ರೆ. ಇದೇ ರಸ್ತೆಯ ಉತ್ತರದ ತುದಿಗೆ ಪಾಂಟಿಯಾಕ್ ಊರು, ಈ ಗಾಡಿಯ ತವರು. 2010ಕ್ಕೆ ಆ ಹೆಸರಿನ ಕಾರುಗಳೇ ನಿಂತುಹೋದವು. 335 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮೊದಲ ಕೆಂಪು ದೀಪ ಬಂದಾಗ ನನ್ನ ಬಲಗಾಲು ಇಲ್ಲದ ಬ್ರೇಕನ್ನು ತಾನಾಗಿ ತುಳಿಯಿತು. ಮೈಲೇಜ್ ಕೇಳಬಾರದಿತ್ತು, ಕೇಳಿದೆ. ಲೀಟರಿಗೆ ನಾಲ್ಕೈದು ಕಿಲೋಮೀಟರ್.

ವಾಪಸು ಬಂದು ನಿಲ್ಲಿಸಿದ ಕೂಡಲೇ ಅಡಿಗೊಂದು ರಟ್ಟು ಜಾರಿಸಿದರು. ಕಪ್ಪು ಹನಿಯಾದರೆ ಎಂಜಿನ್ನಿನದು, ಹಸಿರಾದರೆ ರೇಡಿಯೇಟರಿನದು, ದಪ್ಪಗಿದ್ದು ಗಂಧಕದ ವಾಸನೆ ಹೊಡೆದರೆ ಗೇರ್‌ಬಾಕ್ಸಿನದು. ಕಾಫಿ ಕುಡಿದು ಬಂದು ನೋಡಿದೆವು. ಹೋದ ಅಕ್ಟೋಬರಿನ ಕಲೆಗಳ ಪಕ್ಕ ಒಂದೇ ಒಂದು ಕಪ್ಪು ಹನಿ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಅದರ ಸುತ್ತ ಗೆರೆ ಎಳೆದು, ತಾರೀಖು ಬರೆದರು.