ರೋಲೆಕ್ಸೇ ಕೊನೆಯ ಮೆಟ್ಟಿಲಲ್ಲ: ದುಬಾರಿ ವಾಚುಗಳ ಬಗ್ಗೆ ಏಳು ತಪ್ಪು ಕಲ್ಪನೆಗಳು

ಲಕ್ಷಗಟ್ಟಲೆ ಬೆಲೆಯ ವಾಚು ಎಂದ ಕೂಡಲೇ ನಮ್ಮ ಬಾಯಿಗೆ ಬರುವ ಹೆಸರು ರೋಲೆಕ್ಸ್. ಆದರೆ ವಾಚುಗಳನ್ನು ಹುಡುಕಿ, ಓದಿ, ತಿಳಿದು ಕೂಡಿಡುವ ಸಂಗ್ರಾಹಕರ ಲೆಕ್ಕವೇ ಬೇರೆ. ಡಯಲಿನ ಮೇಲಿನ ಹೆಸರಿಗಿಂತ ಅದರ ಹಿಂದಿನ ಯಂತ್ರದ ಮೇಲೆ ಅವರಿಗೆ ಕಣ್ಣು. ಮಾಡಿದವರು ಯಾರು, ಹೇಗೆ ಮಾಡಿದರು, ಎಷ್ಟು ಮಾಡಿದರು ಎಂದು ಅವರು ಕೇಳುತ್ತಾರೆ. ಊರಿಗೆಲ್ಲ ಗೊತ್ತಿರುವ ಹೆಸರು ಬೇರೆ, ಬಲ್ಲವರು ಕೊಡುವ ಗೌರವ ಬೇರೆ. ಎರಡನ್ನೂ ಒಂದೇ ಎಂದುಕೊಂಡಾಗ ಹುಟ್ಟುವ ನಂಬಿಕೆಗಳಿವು.

ತಪ್ಪು ಕಲ್ಪನೆ 1: ರೋಲೆಕ್ಸ್‌ಗಿಂತ ಮೇಲೆ ಯಾವುದೂ ಇಲ್ಲ

ಸತ್ಯ: ಸಂಗ್ರಾಹಕರು ಬಹುಕಾಲದಿಂದ ಮೇಲಿನ ಸಾಲಿನಲ್ಲಿ ಕೂರಿಸಿರುವುದು ಮೂರು ಸ್ವಿಸ್ ಹೆಸರುಗಳನ್ನು: ಪಾಟೆಕ್ ಫಿಲಿಪ್, ವಾಶೆರಾನ್ ಕಾನ್‌ಸ್ಟಾಂಟಿನ್, ಆಡೆಮಾರ್ ಪಿಗೆ. ಇವು ಅವರ ಪಾಲಿನ ತ್ರಿಮೂರ್ತಿಗಳು. ಮಾರುಕಟ್ಟೆಯ ಅಂದಾಜಿನಂತೆ ರೋಲೆಕ್ಸ್ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ವಾಚುಗಳನ್ನು ತಯಾರಿಸುತ್ತದೆ. ಪಾಟೆಕ್ ತಯಾರಿಸುವುದು ಸುಮಾರು 70,000. ಹಾಗೆಂದು ರೋಲೆಕ್ಸ್ ಕಡಿಮೆಯದೇನಲ್ಲ. 1926ರಲ್ಲಿ ನೀರು ಒಳಹೋಗದ ‘ಆಯ್‌ಸ್ಟರ್’ ಕೇಸು, 1931ರಲ್ಲಿ ಕೈಯ ಚಲನೆಯಿಂದಲೇ ಕೀ ತುಂಬಿಕೊಳ್ಳುವ ‘ಪರ್ಪೆಚುಯಲ್’ ವ್ಯವಸ್ಥೆ ತಂದ ಕಂಪನಿಯದು. ದಿನಬಳಕೆಯ ಗಟ್ಟಿತನದಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಕೈಕುಸುರಿ, ಸಂಕೀರ್ಣತೆ, ವಿರಳತೆಯ ಪ್ರಶ್ನೆ ಬಂದರೆ ಮೊದಲ ಮಣೆ ತ್ರಿಮೂರ್ತಿಗಳಿಗೇ.

ತಪ್ಪು ಕಲ್ಪನೆ 2: ಬೆಲೆ ಹೆಚ್ಚಿದ್ದರೆ ಸ್ಥಾನವೂ ಹೆಚ್ಚು

ಸತ್ಯ: ಕನ್ನಡಿಗರಿಗೆ ಹ್ಯೂಬ್ಲೋ ಹೆಸರನ್ನು ಪರಿಚಯಿಸಿದ್ದು ಆ ಕಂಪನಿಯ ವಾಚೊಂದರ ಸುತ್ತ 2016ರಲ್ಲಿ ಎದ್ದ ರಾಜಕೀಯ ಗದ್ದಲ. ಅಂದು ಚರ್ಚೆಯೆಲ್ಲ ನಡೆದದ್ದು ಆ ವಾಚಿನ ಬೆಲೆಯ ಬಗ್ಗೆ. ಸಂಗ್ರಾಹಕರ ಕೂಟದಲ್ಲಿ ಮಾತ್ರ ಹ್ಯೂಬ್ಲೋಗೆ ಆ ಬೆಲೆಗೆ ತಕ್ಕ ಮರ್ಯಾದೆ ಇಲ್ಲ. 1980ರಲ್ಲಿ ಹುಟ್ಟಿದ ಈ ಕಂಪನಿ ಚಿನ್ನದ ಕೇಸಿಗೆ ರಬ್ಬರ್ ಬೆಲ್ಟ್ ಜೋಡಿಸಿ ಹೆಸರು ಮಾಡಿತು. ಇದರ ಬೆಲೆಯಲ್ಲಿ ದೊಡ್ಡ ಪಾಲು ಕೇಸಿಗೂ ಪ್ರಚಾರಕ್ಕೂ ಹೋಗುತ್ತದೆ ಎಂಬುದು ಸಂಗ್ರಾಹಕರ ಹಳೆಯ ತಕರಾರು.

ಅವರು ಬೆಲೆ ಕಟ್ಟುವುದು ಕುಸುರಿಗೆ. ಯಂತ್ರದ ಬಿಡಿಭಾಗಗಳ ಅಂಚನ್ನು ಓರೆಯಾಗಿ ಉಜ್ಜಿ ಕನ್ನಡಿಯಂತೆ ಹೊಳಪಿಸುವುದು ಒಂದು ವಿದ್ಯೆ. ಎರಡು ಅಂಚುಗಳು ಒಳಮುಖವಾಗಿ ಚೂಪಾಗಿ ಸೇರುವ ಮೂಲೆಗೆ ತಿರುಗುವ ಉಪಕರಣ ನುಗ್ಗುವುದಿಲ್ಲ, ಅಲ್ಲಿ ನುರಿತ ಕೈಯೇ ಕೆಲಸ ಮಾಡಬೇಕು. ಬಲ್ಲವರು ಭೂತಗನ್ನಡಿ ಹಿಡಿದು ಮೊದಲು ಹುಡುಕುವುದು ಈ ಮೂಲೆಯನ್ನೇ. ಬಹುಪಾಲು ಹ್ಯೂಬ್ಲೋಗಳಿಗಿಂತ ಅಗ್ಗವಾಗಿ ಸಿಗುವ ಜಪಾನಿನ ಗ್ರ್ಯಾಂಡ್ ಸೈಕೊ, ಕೇಸು, ಡಯಲು, ಮುಳ್ಳುಗಳ ಅಚ್ಚುಕಟ್ಟಿನಿಂದಲೇ ಅದೇ ಜನರ ಮೆಚ್ಚುಗೆ ಗಳಿಸಿದೆ.

ತಪ್ಪು ಕಲ್ಪನೆ 3: ಚಿನ್ನದ್ದೇ ಶ್ರೇಷ್ಠ, ಸ್ಟೀಲು ಸಾಧಾರಣ

ಸತ್ಯ: ಹರಾಜುಕಟ್ಟೆಯಲ್ಲಿ ಇದು ಎಷ್ಟೋ ಸಲ ತಿರುಗುಮುರುಗು. ಪಾಟೆಕ್‌ನ 1518 ಎಂಬ ಮಾದರಿ 1941ರಿಂದ 1954ರವರೆಗೆ ತಯಾರಾದದ್ದು 281 ಮಾತ್ರ. ಹೆಚ್ಚಿನವು ಚಿನ್ನದವು, ಸ್ಟೀಲಿನವು ಎಂದು ಗೊತ್ತಿರುವುದು ನಾಲ್ಕೇ. 2016ರಲ್ಲಿ ಆ ನಾಲ್ಕರಲ್ಲಿ ಒಂದು ಜಿನೀವಾದಲ್ಲಿ 1.1 ಕೋಟಿ ಸ್ವಿಸ್ ಫ್ರಾಂಕಿಗೆ ಹೋಯಿತು. 2019ರಲ್ಲಿ ದತ್ತಿ ಹರಾಜಿನಲ್ಲಿ 3.1 ಕೋಟಿ ಫ್ರಾಂಕಿಗೆ ಮಾರಾಟವಾಗಿ ದಾಖಲೆ ಬರೆದ ಪಾಟೆಕ್‌ನ ‘ಗ್ರ್ಯಾಂಡ್‌ಮಾಸ್ಟರ್ ಚೈಮ್’ ಕೂಡ ಸ್ಟೀಲಿನದೇ. ಅಷ್ಟು ಬೆಲೆ ಬಂದದ್ದು ಲೋಹಕ್ಕಲ್ಲ, ಅಂಥದ್ದು ಇನ್ನೊಂದು ಸಿಗದೆಂಬುದಕ್ಕೆ.

ತಪ್ಪು ಕಲ್ಪನೆ 4: ಕಂಪನಿ ಹಳೆಯದಾದಷ್ಟೂ ಗೌರವ ಹೆಚ್ಚು

ಸತ್ಯ: ವಾಶೆರಾನ್ ಶುರುವಾದದ್ದು 1755ರಲ್ಲಿ, ಪಾಟೆಕ್ 1839ರಲ್ಲಿ. ಆದರೂ ಹರಾಜಿನಲ್ಲಿ ಕಿರಿಯ ಪಾಟೆಕ್‌ನದೇ ಮೇಲುಗೈ. ಜರ್ಮನಿಯ ಗ್ಲಾಸ್‌ಹ್ಯೂಟೆ ಎಂಬ ಪುಟ್ಟ ಊರಿನ ಎ. ಲಾಂಗೆ ಉಂಡ್ ಸೋನೆ 1845ರದ್ದು. 1948ರಲ್ಲಿ ಅದು ರಾಷ್ಟ್ರೀಕರಣಗೊಂಡು, ಹೆಸರೇ ಮರೆಯಾಯಿತು. ಸ್ಥಾಪಕನ ಮರಿಮಗ ವಾಲ್ಟರ್ ಲಾಂಗೆ 1990ರಲ್ಲಿ ಮತ್ತೆ ಕಂಪನಿ ಕಟ್ಟಿ, 1994ರಲ್ಲಿ ಹೊಸ ವಾಚುಗಳನ್ನು ತಂದರು. ಇಂದು ಕುಸುರಿಯಲ್ಲಿ ಲಾಂಗೆಯನ್ನು ತ್ರಿಮೂರ್ತಿಗಳ ಸಮಕ್ಕೆ, ಕೆಲವರು ಒಂದು ಕೈ ಮೇಲೆಯೇ ಇಡುತ್ತಾರೆ. 1999ರಲ್ಲಷ್ಟೇ ಶುರುವಾದ ಎಫ್.ಪಿ. ಜೂರ್ನ್ ವಾಚುಗಳಿಗೂ ಸಂಗ್ರಾಹಕರು ಮುಗಿಬೀಳುತ್ತಾರೆ.

ತಪ್ಪು ಕಲ್ಪನೆ 5: ದೊಡ್ಡ ಕಂಪನಿಗಳು ಯಂತ್ರವನ್ನು ಹೊರಗಿನಿಂದ ತರುವುದಿಲ್ಲ

ಸತ್ಯ: ಆಡೆಮಾರ್ ಪಿಗೆಯ ‘ರಾಯಲ್ ಓಕ್’ (1972), ಪಾಟೆಕ್‌ನ ‘ನಾಟಿಲಸ್’ (1976), ವಾಶೆರಾನ್‌ನ ‘222’ (1977) ಮೂರೂ ಇಂದು ದಂತಕಥೆಗಳು. ಮೂರರ ಒಡಲಲ್ಲೂ ಇದ್ದದ್ದು ಜೇಗರ್-ಲೆಕೂಲ್ಟ್ರ್ ಕಂಪನಿಯ 920 ಎಂಬ ಒಂದೇ ತೆಳು ಯಂತ್ರದ ರೂಪಗಳು. ಪ್ರತಿಯೊಬ್ಬರೂ ಅದನ್ನು ತಮ್ಮ ರೀತಿಯಲ್ಲಿ ತಿದ್ದಿ ತೀಡಿಕೊಂಡರು. ತಮಾಷೆಯೆಂದರೆ ಜೇಗರ್ ಅದನ್ನು ತನ್ನ ಹೆಸರಿನ ವಾಚಿಗೆ ಬಳಸಲೇ ಇಲ್ಲ. ರೋಲೆಕ್ಸ್‌ನ ‘ಡೇಟೋನಾ’ ಕೂಡ 1988ರಿಂದ 2000ದವರೆಗೆ ಓಡಿದ್ದು ಜೆನಿತ್‌ನಿಂದ ತಂದು ಮಾರ್ಪಡಿಸಿದ ಯಂತ್ರದಿಂದ. ಸಂಗ್ರಾಹಕರ ಕಣ್ಣಲ್ಲಿ ತರಿಸಿಕೊಂಡದ್ದು ಅವಮಾನವಲ್ಲ. ತಂದು ಹಾಗೆಯೇ ತುರುಕುವುದು ಅವಮಾನ.

ತಪ್ಪು ಕಲ್ಪನೆ 6: ದುಬಾರಿ ವಾಚು ಸಮಯವನ್ನು ಹೆಚ್ಚು ಕರಾರುವಾಕ್ಕಾಗಿ ತೋರಿಸುತ್ತದೆ

ಸತ್ಯ: ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೋನೋಮೀಟರ್ ಪರೀಕ್ಷೆಯಲ್ಲಿ ಪಾಸಾಗಲು ಸ್ಪ್ರಿಂಗಿನಿಂದ ಓಡುವ ಯಂತ್ರ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಓಡಬಹುದು. ಸೈಕೊ 1969ರ ಡಿಸೆಂಬರಿನಲ್ಲಿ ತಂದ, ಬ್ಯಾಟರಿಯಿಂದ ಓಡುವ ಮೊದಲ ಕ್ವಾರ್ಟ್ಸ್ ಕೈಗಡಿಯಾರದ ತಪ್ಪು ಇಡೀ ತಿಂಗಳಿಗೆ 5 ಸೆಕೆಂಡು. ಇಂದು ಸಾವಿರ ರೂಪಾಯಿಯ ಬ್ಯಾಟರಿ ವಾಚೂ ಈ ವಿಷಯದಲ್ಲಿ ಕೋಟಿಯ ವಾಚನ್ನು ಸೋಲಿಸಬಲ್ಲದು.

ತಪ್ಪು ಕಲ್ಪನೆ 7: ಬ್ರ್ಯಾಂಡ್ ವಾಚು ಕೊಂಡರೆ ಹಣ ಬೆಳೆಯುತ್ತದೆ

ಸತ್ಯ: ಬೆಲೆ ಏರುವುದು ಬೆರಳೆಣಿಕೆಯ ಮಾದರಿಗಳಿಗೆ. ಉಳಿದವು ಅಂಗಡಿಯ ಹೊಸ್ತಿಲು ದಾಟಿದೊಡನೆ ಬೆಲೆ ಕಳೆದುಕೊಳ್ಳುತ್ತವೆ. 2022ರ ಆರಂಭದಲ್ಲಿ ಗಗನಕ್ಕೇರಿದ್ದ ಸೆಕೆಂಡ್ ಹ್ಯಾಂಡ್ ದರಗಳು ಆಮೇಲೆ ಇಳಿದು, ಸಾಲ ಮಾಡಿ ಕೊಂಡವರ ಕೈ ಸುಟ್ಟವು.

ಸಂಗ್ರಾಹಕರ ಈ ಅಳತೆಗೋಲು ಶ್ರೀಮಂತರಿಗೆ ಮಾತ್ರ ಮೀಸಲಲ್ಲ. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರುಮಾಡಿದ ಎಚ್‌ಎಂಟಿಯ ‘ಜನತಾ’ಕ್ಕೂ ಅದೇ ಅಳತೆ ಅನ್ವಯಿಸುತ್ತದೆ. ಡಯಲು, ಮುಳ್ಳು, ಯಂತ್ರ ಮೂರೂ ಮೂಲದ್ದಾಗಿದ್ದರೆ ಬೆಲೆ. ಮತ್ತೆ ಬಣ್ಣ ಬಳಿದ ಡಯಲಿದ್ದರೆ ಬಲ್ಲವರು ಕೈಗೆತ್ತಿಕೊಳ್ಳುವುದೂ ಇಲ್ಲ. ಆದ್ದರಿಂದ ಹಳೆಯದೋ ಹೊಸದೋ, ವಾಚು ಕೊಳ್ಳುವ ಮೊದಲು ಅಂಗಡಿಯವರನ್ನು ಹಿಂಬದಿಯ ಮುಚ್ಚಳ ತೆಗೆದು ತೋರಿಸಲು ಕೇಳಿ, ಒಳಗಿನ ಯಂತ್ರ ಯಾರದ್ದೆಂದು ವಿಚಾರಿಸಿ. ಆಮೇಲೆ ಬೆಲೆ ಮಾತಾಡಿ.