ಹಳೆಯ ಬಂದರಿಗೆ ಒಂದು ದಿನದ ಕ್ಷೇತ್ರ ಭೇಟಿ: ಏನು ನೋಡಿಸಬೇಕು?

ಕ್ಷೇತ್ರ ಭೇಟಿ ವಿಹಾರವಲ್ಲ. ಸ್ಥಳವನ್ನೇ ಪಠ್ಯವಾಗಿಸುವ ಬೋಧನಾ ವಿಧಾನ. ನವೀಕರಿಸಿದ ಹಳೆಯ ಬಂದರುಗಳಲ್ಲಿ ಈ ಕೆಲಸ ಕಠಿಣ. ಅಲ್ಲಿ ಉಳಿದದ್ದು ಅಂದವಾಗಿ ಕಾಣುತ್ತದೆ, ಅಳಿದದ್ದು ಕಾಣುವುದಿಲ್ಲ.

ಲಂಡನ್ನಿನ ವೆಸ್ಟ್ ಇಂಡಿಯಾ ಡಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. 1802ರಲ್ಲಿ ಆರಂಭವಾದ ಈ ಬಂದರಿಗೆ ಕೆರಿಬಿಯನ್ ದ್ವೀಪಗಳಿಂದ ಸಕ್ಕರೆ, ರಮ್ ಬರುತ್ತಿದ್ದವು. ಅವುಗಳ ಹಿಂದೆ ಆಫ್ರಿಕನ್ ಗುಲಾಮರ ದುಡಿಮೆಯಿತ್ತು. ಕಂಟೇನರ್ ಹಡಗುಗಳ ಕಾಲ ಬಂದಾಗ ಸಾಗಣೆ ಟಿಲ್ಬರಿಯಂಥ ಬಂದರುಗಳಿಗೆ ಸರಿಯಿತು. 1980ರಲ್ಲಿ ಇದು ಮುಚ್ಚಿತು. ಮರುವರ್ಷ ಸರ್ಕಾರ ಅಭಿವೃದ್ಧಿ ನಿಗಮವೊಂದನ್ನು ರಚಿಸಿತು. ಇಂದು ಅಲ್ಲಿ ಕೆನರಿ ವಾರ್ಫ್‌ನ ಬ್ಯಾಂಕ್ ಗೋಪುರಗಳಿವೆ. ಹಳೆಯ ಸಕ್ಕರೆ ಗೋದಾಮಿನಲ್ಲಿ 2003ರಿಂದ ವಸ್ತುಸಂಗ್ರಹಾಲಯವಿದೆ.

ಇಂಥ ಸ್ಥಳಕ್ಕೆ ಹೊರಡುವ ಮುನ್ನ ಹಳೆಯ ಮತ್ತು ಹೊಸ ನಕ್ಷೆಗಳನ್ನು ಹೋಲಿಸಿ, ಮಕ್ಕಳನ್ನು ಮೂರು ಗುಂಪು ಮಾಡಬೇಕು.

ಕಟ್ಟಡದ ಗುಂಪು: ಇದನ್ನು ಕಟ್ಟಿದ್ದು ಯಾವುದಕ್ಕೆ? ಈಗಿನ ಬಳಕೆ ಏನು?
ನೀರಿನ ಗುಂಪು: ಸರಕು ಹಡಗುಗಳಿಲ್ಲದಿದ್ದರೂ ನೀರನ್ನು ಏಕೆ ಉಳಿಸಿದ್ದಾರೆ?
ಜನರ ಗುಂಪು: ಇಲ್ಲಿ ಮೂಟೆ ಹೊತ್ತವರು ಯಾರು? ಈಗ ದುಡಿಯುವವರು ಯಾರು? ಹಳಬರ ಗುರುತು ಎಲ್ಲಿದೆ?

ಮರಳಿದ ಮೇಲೆ ಪ್ರತಿ ಗುಂಪೂ ತನ್ನ ಉತ್ತರಗಳನ್ನು ಮಂಡಿಸಲಿ. ಶಿಕ್ಷಕರು ಪ್ರತಿ ಉತ್ತರಕ್ಕೂ "ಹೇಗೆ ತಿಳಿಯಿತು?" ಎಂದು ಕೇಳಲಿ. ನೋಡಿದ್ದು, ಫಲಕದಲ್ಲಿ ಓದಿದ್ದು, ಊಹಿಸಿದ್ದು ಬೇರೆ ಬೇರೆಯಾಗುವುದು ಆಗಲೇ.

ಮಂಗಳೂರಿನ ಹಳೆಯ ಬಂದರಿಗೂ ಈ ಪ್ರಶ್ನೆಗಳು ಸಲ್ಲುತ್ತವೆ. ದೊಡ್ಡ ಹಡಗುಗಳು ಈಗ ನಿಲ್ಲುವುದು ಪಣಂಬೂರಿನಲ್ಲಿ. ಮೌಲ್ಯಮಾಪನದಲ್ಲಿ ಬರೆದುಕೊಂಡ ಇಸವಿಗಳನ್ನು ಎಣಿಸುವುದು ಬೇಡ. ಕಾಣದವರ ಬಗ್ಗೆ ಮಗು ಒಂದು ಪ್ರಶ್ನೆ ಕೇಳಿದರೆ ಭೇಟಿ ಸಾರ್ಥಕ.